ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್: ದೀನತೆಯ ಕಥೆಗೆ ಇಷ್ಟೊಂದು ಬಣ್ಣವೇಕೆ?

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸೇಂಟ್ ಅಲೋಶಿಯಸ್ ಚಾಪೆಲನ್ನು ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಚಾವಣಿಯ ಚಿತ್ರಗಳಿಗೆ ಲೋಕಪ್ರಸಿದ್ಧವಾದ ರೋಮಿನ ಸಿಸ್ಟೈನ್ ಚಾಪೆಲ್‌ಗೆ ಹೋಲಿಸಿಯೇ ಪರಿಚಯಿಸುತ್ತವೆ. ಈ ಹೋಲಿಕೆ ಊರಿನವರಿಗೂ ಹಿತವಾಗಿಯೇ ಇದೆ. ದೂರದಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯುವವರು ಬಾಗಿಲಲ್ಲೇ ಇದನ್ನು ಹೇಳಿ, ಅವರ ಮುಖದಲ್ಲಿ ಮೂಡುವ ಬೆರಗನ್ನು ನೋಡಿ ಸಂತೋಷಪಡುತ್ತಾರೆ. ಆದರೆ ಈ ಹೋಲಿಕೆಯಿಂದ ಚಾಪೆಲಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ನನ್ನ ಅನಿಸಿಕೆ. ಒಳಗೆ ಕಾಲಿಟ್ಟವರು ಇದು ಅದಕ್ಕೆ ಸಮವೋ ಅಲ್ಲವೋ ಎಂದು ತೂಗಿ ನೋಡುವುದರಲ್ಲೇ ಮುಳುಗಿಬಿಡುತ್ತಾರೆ, ಮತ್ತು ದೊಡ್ಡಸ್ತಿಕೆಯನ್ನು ಬಿಟ್ಟುಕೊಟ್ಟ ಒಬ್ಬ ಹುಡುಗನ ಕಥೆ ತಲೆಯ ಮೇಲೆ ಇಡೀ ಚಾವಣಿಯ ಉದ್ದಕ್ಕೂ ಹರಡಿಕೊಂಡಿದ್ದರೂ ಅದನ್ನು ಓದದೆಯೇ ಹೊರಗೆ ಬರುತ್ತಾರೆ.

ನಾನು ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಪರಂಪರೆಯ ಸಭೆಯಲ್ಲಿ ಬೆಳೆದವನು ಎಂಬುದನ್ನು ಮೊದಲೇ ಹೇಳಿಬಿಡಬೇಕು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳು ನಮಗೆ ಕೊಟ್ಟ ದೇವಾಲಯಗಳ ಗೋಡೆಗಳು ಬಿಳಿಯ ಸುಣ್ಣದ ಗೋಡೆಗಳು. ಅಲ್ಲಿ ಚಿತ್ರವಿಲ್ಲ, ಪ್ರತಿಮೆಯಿಲ್ಲ, ಬಹಳವೆಂದರೆ ಸತ್ಯವೇದದ ಒಂದು ವಾಕ್ಯ ಇರುತ್ತದೆ. ಆದ್ದರಿಂದ ಕಥೋಲಿಕ ಚಾಪೆಲೊಂದನ್ನು ವಿಮರ್ಶಿಸುವಾಗ ನನ್ನ ಕಣ್ಣು ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ. ದೀನತೆಯನ್ನು ಬೋಧಿಸುವುದಕ್ಕೆ ಒಂದು ಅಂಗೈಯಷ್ಟು ಜಾಗವನ್ನೂ ಖಾಲಿ ಬಿಡದೆ ಬಣ್ಣ ಬಳಿಯಬೇಕಾಗಿತ್ತೆ ಎಂಬ ಪ್ರಶ್ನೆ ನನ್ನಂಥವನಲ್ಲಿ ತಾನಾಗಿ ಏಳುತ್ತದೆ, ಮತ್ತು ಅದು ಅಷ್ಟು ಸುಲಭವಾಗಿ ಏಳುವುದರಿಂದಲೇ ಅದನ್ನೂ ಪರೀಕ್ಷಿಸಬೇಕಾಗುತ್ತದೆ.

ಮೊದಲು ಸ್ಥಳದ ವಿಷಯ. ಹಂಪನಕಟ್ಟೆಯಿಂದ ಏರುದಾರಿಯಲ್ಲಿ ನಡೆದೇ ಹೋಗಬಹುದು; ಬಿಸಿಲಿದ್ದರೆ ಆಟೋ ಹಿಡಿಯುವುದೇ ಲೇಸು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜೆಸ್ವಿಟ್ ಎಂಬ ಕಥೋಲಿಕ ಸನ್ಯಾಸಿ ಸಂಘದ ಇಟಲಿಯ ಧರ್ಮಗುರುಗಳು 1880ರಲ್ಲಿ ಕಾಲೇಜನ್ನು ಆರಂಭಿಸಿದರು, ಅದೇ ದಶಕದಲ್ಲಿ ಈ ಚಾಪೆಲನ್ನೂ ಕಟ್ಟಿಸಿದರು. ಹೊರನೋಟಕ್ಕೆ ಕಟ್ಟಡದಲ್ಲಿ ಅಂಥ ವಿಶೇಷವೇನೂ ಇಲ್ಲ. ಒಳಗಿನ ಚಿತ್ರಗಳು 1899ರಿಂದ 1901ರವರೆಗಿನ ಅವಧಿಯಲ್ಲಿ ರಚನೆಯಾದವು. ಬರೆದವರು ಅಂತೋನಿಯೊ ಮೊಸ್ಕೇನಿ. ಗೋಡೆಗಳ ಮೇಲಿರುವುದು ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳು, ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಮೇಲೆ ಅಂಟಿಸಿದವು. ಕರಾವಳಿಯ ಮಳೆ ಮತ್ತು ತೇವ ಇವೆರಡಕ್ಕೂ ಶತ್ರು. 1990ರ ದಶಕದ ಆರಂಭದಲ್ಲಿ ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವುಗಳನ್ನು ಜೀರ್ಣೋದ್ಧಾರ ಮಾಡಿರದಿದ್ದರೆ ಇಂದು ನಮಗೆ ಕಾಣುತ್ತಿದ್ದುದು ಬಹುಶಃ ಕಲೆಗಳು ಮತ್ತು ಬಿರುಕುಗಳು ಮಾತ್ರ.

ಒಳಗೆ ಹೋದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ಒಂದು ಬೆಂಚಿನ ಮೇಲೆ ಕುಳಿತುಕೊಳ್ಳುವುದು. ನಿಂತು ನೋಡಿದರೆ ಕುತ್ತಿಗೆ ಬೇಗ ಸೋಲುತ್ತದೆ, ಮತ್ತು ಕುತ್ತಿಗೆ ಸೋತವನು ಒಟ್ಟಾರೆ ಅಂದವನ್ನು ಮೆಚ್ಚಿ ಹೊರಟುಬಿಡುತ್ತಾನೆ. ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕಿನ ಘಟನೆಗಳಿವೆ, ಅದರ ಇಳಿಜಾರಿನಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರಿದ್ದಾರೆ. ಮೇಲಿರುವ ಈ ಕಥೆ ಯಾರದು ಎಂಬುದು ಗೊತ್ತಿಲ್ಲದಿದ್ದರೆ ಇವು ಕೇವಲ ರೇಷ್ಮೆಯ ಉಡುಪುಗಳು, ಮೋಡಗಳು ಮತ್ತು ಮೇಲ್ಮೊಗದ ಕಣ್ಣುಗಳು. ಹಾಗಾಗಿ ಹೋಗುವ ಮುನ್ನ ಕಥೆಯನ್ನು ತಿಳಿದು ಹೋಗುವುದೇ ಒಳ್ಳೆಯದು.

ಅಲೋಶಿಯಸ್ ಹುಟ್ಟಿದ್ದು 1568ರಲ್ಲಿ, ಉತ್ತರ ಇಟಲಿಯ ಕಾಸ್ತಿಲ್ಯೋನೆ ಎಂಬ ಸಣ್ಣ ಸಂಸ್ಥಾನದ ಒಡೆಯನ ಹಿರಿಯ ಮಗನಾಗಿ. ಗೊನ್ಜಾಗ ಮನೆತನವೆಂದರೆ ಆ ಕಾಲದಲ್ಲಿ ಯುದ್ಧ, ಆಸ್ತಿ ಮತ್ತು ಮಾನದ ಲೆಕ್ಕಾಚಾರದಲ್ಲೇ ಬದುಕುತ್ತಿದ್ದ ಮನೆತನ. ತಂದೆ ಫೆರ್ರಾಂತೆ ತನ್ನ ನಾಲ್ಕೈದು ವರ್ಷದ ಮಗನನ್ನು ಸೈನಿಕರ ಶಿಬಿರಕ್ಕೆ ಕರೆದೊಯ್ದು, ಪುಟ್ಟ ಕವಚ ತೊಡಿಸಿ, ಪಡೆಯ ಮುಂದೆ ನಡೆಸಿ ಹೆಮ್ಮೆಪಟ್ಟನು. ಆ ಶಿಬಿರದಲ್ಲಿ ಕಲಿತ ಬೈಗುಳಗಳನ್ನು ಅರ್ಥ ತಿಳಿಯದೆ ಆಡಿದ್ದಕ್ಕೆ ಗುರು ಗದರಿಸಿದಾಗ ಹುಡುಗ ನಾಚಿದನೆಂದೂ, ಅದನ್ನು ಕೊನೆಯವರೆಗೂ ತನ್ನ ದೊಡ್ಡ ಪಾಪವೆಂದು ಎಣಿಸಿದನೆಂದೂ ಚರಿತ್ರೆಕಾರರು ಬರೆದಿದ್ದಾರೆ. 1580ರಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದವನ್ನು ಪಡೆದನು. ಆಮೇಲೆ ಸ್ಪೇನಿನ ದೊರೆ ಎರಡನೆಯ ಫಿಲಿಪನ ಅರಮನೆಯಲ್ಲಿ ರಾಜಕುಮಾರನ ಸಂಗಾತಿಯಾಗಿ ಕೆಲವು ವರ್ಷ ಇದ್ದನು. ಜೆಸ್ವಿಟ್ ಸಂಘವನ್ನು ಸೇರುವ ನಿರ್ಧಾರವನ್ನು ತಂದೆಗೆ ತಿಳಿಸಿದಾಗ ಮನೆಯಲ್ಲಿ ಎದ್ದ ಬಿರುಗಾಳಿ ತಣಿಯಲು ಬಹಳ ಕಾಲ ಹಿಡಿಯಿತು. ಕೊನೆಗೆ 1585ರ ನವೆಂಬರಿನಲ್ಲಿ ಅವನು ಹಿರಿತನದ ಹಕ್ಕನ್ನು ತಮ್ಮ ರೊಡೋಲ್ಫೊಗೆ ಬಿಟ್ಟುಕೊಟ್ಟು, ಅದೇ ತಿಂಗಳು ರೋಮಿನ ನವಶಿಷ್ಯರ ಮನೆಯನ್ನು ಸೇರಿದನು.

ಜೆಸ್ವಿಟ್ ಸಂಘದ ಸ್ಥಾಪಕರಾದ ಲೊಯೋಲಾದ ಇಗ್ನೇಷಿಯಸ್ ಅವರು ರೂಪಿಸಿದ ಆಧ್ಯಾತ್ಮಿಕ ಸಾಧನೆಗಳಲ್ಲಿ ಎರಡು ಬಾವುಟಗಳ ಧ್ಯಾನ ಎಂಬುದೊಂದು ಇದೆ. ಸೈತಾನನು ಮನುಷ್ಯನನ್ನು ಮೂರು ಮೆಟ್ಟಿಲುಗಳಲ್ಲಿ ಕೆಡವುತ್ತಾನಂತೆ: ಮೊದಲು ಸಂಪತ್ತು, ಸಂಪತ್ತಿನಿಂದ ಲೋಕದ ಮಾನ, ಮಾನದಿಂದ ಗರ್ವ, ಗರ್ವ ಬಂದ ಮೇಲೆ ಉಳಿದ ದುರ್ಗುಣಗಳನ್ನು ಕರೆಯಬೇಕಾಗಿಲ್ಲ, ಅವು ತಾವಾಗಿಯೇ ಬರುತ್ತವೆ. ಕ್ರಿಸ್ತನ ಬಾವುಟದ ಕೆಳಗೆ ಇದಕ್ಕೆ ವಿರುದ್ಧವಾದ ಮೂರು ಮೆಟ್ಟಿಲುಗಳು: ಬಡತನ, ಅವಮಾನ, ದೀನತೆ. ಗೊನ್ಜಾಗ ಹುಡುಗನಿಗೆ ಮೊದಲ ಸಾಲಿನ ಎರಡು ಮೆಟ್ಟಿಲುಗಳು ಹುಟ್ಟಿನಿಂದಲೇ ಬಂದಿದ್ದವು, ಮೂರನೆಯದಕ್ಕೆ ಕಾಲಿಡುವುದಷ್ಟೇ ಬಾಕಿ ಇತ್ತು. ಅವನು ಅಲ್ಲಿಂದ ಇಳಿದುಬಂದನು. ಈ ಇಳಿತವೇ ಚಾವಣಿಯ ಕಥೆಯ ಬೆನ್ನೆಲುಬು.

ಚಿತ್ರಕಾರರು ಇದನ್ನು ಎಷ್ಟು ಚೆನ್ನಾಗಿ ಹೇಳಿದ್ದಾರೆ? ಇಲ್ಲಿ ನನ್ನ ಮೆಚ್ಚುಗೆ ಸ್ವಲ್ಪ ತಡೆಯುತ್ತದೆ. ಬಣ್ಣಗಾರಿಕೆ ಅಪೂರ್ವವಾದದ್ದು. ಸಮತಟ್ಟಾದ ಗೋಡೆಯ ಮೇಲೆ ಕಂಬದ ಉಬ್ಬು, ಕೆತ್ತನೆಯ ಆಳ, ಹೂಮಾಲೆಯ ನೆರಳು ಎಲ್ಲವನ್ನೂ ಬರಿಯ ಬಣ್ಣದಿಂದಲೇ ಹುಟ್ಟಿಸಿದ ಕೈಚಳಕಕ್ಕೆ ತಲೆದೂಗಲೇಬೇಕು. ಕೈಯಿಂದ ಮುಟ್ಟಿ ನೋಡಬೇಕೆಂಬ ಆಸೆ ದೊಡ್ಡವರಿಗೂ ಆಗುತ್ತದೆ. ಆದರೆ ಅಲೋಶಿಯಸ್‌ನ ಮುಖ ಹತ್ತೊಂಬತ್ತನೆಯ ಶತಮಾನದ ಭಕ್ತಿಚಿತ್ರಗಳ ಮುಖ: ನಯವಾದದ್ದು, ತೆಳ್ಳಗಿನದು, ಯಾವ ಹೋರಾಟದ ಗುರುತೂ ಇಲ್ಲದ್ದು. ದೀನನಾಗುವುದು ಅವನಿಗೆ ಹುಟ್ಟುಗುಣವಾಗಿತ್ತೇನೋ ಎಂಬ ಭಾವನೆ ನೋಡುಗರಲ್ಲಿ ಮೂಡುತ್ತದೆ. ಚರಿತ್ರೆ ಹೇಳುವುದು ಬೇರೆ. ಅವನು ಹಟಮಾರಿ, ಉಪವಾಸ, ಜಾಗರಣೆ, ಮೈದಂಡನೆ ಇವುಗಳಲ್ಲಿ ಅತಿಗೆ ಹೋಗುತ್ತಿದ್ದವನು, ತಾನು ಬಾಗಿದ ಕಬ್ಬಿಣದ ತುಂಡು, ನೆಟ್ಟಗಾಗುವುದಕ್ಕೆಂದೇ ಮಠಕ್ಕೆ ಬಂದವನು ಎಂದು ತನ್ನ ಬಗ್ಗೆ ಹೇಳಿಕೊಂಡನೆಂಬ ಮಾತು ಪ್ರಸಿದ್ಧವಾಗಿದೆ. ಆ ಬಾಗು ಯಾವ ಚಿತ್ರದಲ್ಲೂ ಕಾಣುವುದಿಲ್ಲ.

ನನ್ನ ದೃಷ್ಟಿಯಲ್ಲಿ ಅವನ ಬದುಕಿನ ಅತಿ ಮುಖ್ಯ ಘಟನೆ ಚಿತ್ರಕ್ಕೆ ಒದಗುವಂಥದ್ದೇ ಅಲ್ಲ. ನವಶಿಷ್ಯರ ಮನೆಯಲ್ಲಿ ಮೇಲಿನವರು ಅವನಿಗೆ ಹೆಚ್ಚು ಊಟ ಮಾಡು, ಉಪವಾಸವನ್ನು ಕಡಿಮೆ ಮಾಡು, ವಿರಾಮದ ಹೊತ್ತಿನಲ್ಲಿ ಉಳಿದವರೊಡನೆ ಬೆರೆತು ಮಾತಾಡು ಎಂದು ಆಜ್ಞಾಪಿಸಿದರು, ಅವನು ಪಾಲಿಸಿದನು. ಸಂಸ್ಥಾನವನ್ನು ಬಿಟ್ಟುಕೊಡುವುದು ಕಷ್ಟವಾದರೂ ಅದಕ್ಕೆ ಸಾಕ್ಷಿಗಳಿರುತ್ತಾರೆ, ದಾಖಲೆ ಪತ್ರ ಇರುತ್ತದೆ, ಮುಂದೆ ಹೊಗಳುವವರೂ ಇರುತ್ತಾರೆ. ತನ್ನ ತಪಸ್ಸಿನ ಹೆಮ್ಮೆಯನ್ನು ಬಿಟ್ಟು, ಎಲ್ಲರಂತೆ ತಟ್ಟೆಯ ಮುಂದೆ ಕುಳಿತು ಹೊಟ್ಟೆ ತುಂಬ ತಿನ್ನುವವನನ್ನು ಹೊಗಳುವವರಿಲ್ಲ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಫರಿಸಾಯನು, ಅಂದರೆ ಕಟ್ಟುನಿಟ್ಟಿನ ಧರ್ಮನಿಷ್ಠನು, ಹೇಳಿಕೊಳ್ಳುವುದು ಸುಳ್ಳೇನಲ್ಲ. ಅವನು ವಾರಕ್ಕೆ ಎರಡಾವರ್ತಿ ಉಪವಾಸ ಮಾಡುವುದೂ ನಿಜ, ಸಂಪಾದನೆಯ ಹತ್ತನೆಯ ಪಾಲನ್ನು ಕೊಡುವುದೂ ನಿಜ. ಅಲ್ಲೇ ನಿಂತ, ಜನರು ಪಾಪಿಯೆಂದು ಎಣಿಸುತ್ತಿದ್ದ ಸುಂಕದವನನ್ನು ಅಳತೆಗೋಲಾಗಿ ಮಾಡಿಕೊಂಡದ್ದೇ ಅವನ ಕೇಡು. ಉಪವಾಸವನ್ನು ಬಿಡು ಎಂದಾಗ ಅಲೋಶಿಯಸ್ ಬಿಟ್ಟದ್ದು ಆ ಅಳತೆಗೋಲನ್ನು ಎಂದು ನಾನು ತಿಳಿಯುತ್ತೇನೆ.

ನಾಲ್ಕು ವರ್ಷಗಳ ನಂತರ, 1589ರಲ್ಲಿ, ಮನೆಯವರ ಜಗಳ ಬಗೆಹರಿಸಲು ಅವನನ್ನು ಊರಿಗೆ ಕರೆಸಿದ್ದೂ ಚಾಪೆಲಿಗೆ ಹೋಗುವವರು ತಿಳಿದಿರಬೇಕಾದ ಸಂಗತಿ. ಆಸ್ತಿಯೊಂದರ ವಿಷಯದಲ್ಲಿ ರೊಡೋಲ್ಫೊಗೂ ನೆರೆಯ ಮಾಂತುವಾ ಸಂಸ್ಥಾನದ ಡ್ಯೂಕ್‌ಗೂ ವೈಮನಸ್ಯ ಬೆಳೆದಿತ್ತು. ಮಾತುಕತೆಯಿಂದ ಅದನ್ನು ಅಲೋಶಿಯಸ್ ಇತ್ಯರ್ಥ ಮಾಡಿದನು. ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮದ್ದು. ತಮ್ಮನು ಟಂಕಸಾಲೆಯ ಅಧಿಕಾರಿಯೊಬ್ಬನ ಮಗಳನ್ನು ಗುಟ್ಟಾಗಿ ಮದುವೆಯಾಗಿದ್ದನು, ಆದರೆ ಅಂತಸ್ತಿನ ಕಾರಣಕ್ಕೂ ಚಿಕ್ಕಪ್ಪನ ಆಸ್ತಿ ಕೈತಪ್ಪೀತೆಂಬ ಭಯಕ್ಕೂ ಅದನ್ನು ಮುಚ್ಚಿಟ್ಟಿದ್ದನು. ಊರಿನವರು ಆ ಹೆಣ್ಣನ್ನು ಇಟ್ಟುಕೊಂಡವಳೆಂದೇ ತಿಳಿದಿದ್ದರು. ಮದುವೆಯನ್ನು ಬಹಿರಂಗಪಡಿಸುವಂತೆ ಅಣ್ಣನು ತಮ್ಮನನ್ನು ಒಪ್ಪಿಸಿದನು. ಮನೆತನದ ಮಾನ ಉಳಿಯಲೆಂದು ಒಬ್ಬ ಹೆಣ್ಣಿನ ಮಾನವನ್ನು ಬಲಿಕೊಡುವುದು ಗರ್ವದ ಹಳೆಯ ವ್ಯವಹಾರ. ನಮ್ಮ ಊರುಗಳಲ್ಲಿಯೂ ಅದಕ್ಕೆ ಬರವಿಲ್ಲ. ದೀನತೆಯೆಂದರೆ ತಲೆತಗ್ಗಿಸಿ ಮೂಲೆಯಲ್ಲಿ ಕುಳಿತಿರುವುದೆಂದು ತಿಳಿದವರು ಹಳೆಯ ನಿಲುವಂಗಿ ತೊಟ್ಟು ಡ್ಯೂಕ್‌ನ ಮುಂದೆ ನಿಂತು ವಾದಿಸಿದ ಈ ಯುವಕನನ್ನು ನೆನೆಯಬೇಕು.

ಕಥೆಯ ಕೊನೆ ಎಲ್ಲರಿಗೂ ಗೊತ್ತಿರುವುದೇ. 1591ರಲ್ಲಿ ರೋಮಿನಲ್ಲಿ ಬರಗಾಲದ ಬೆನ್ನಿಗೆ ಸಾಂಕ್ರಾಮಿಕ ರೋಗ ಹರಡಿದಾಗ ಜೆಸ್ವಿಟರು ರೋಗಿಗಳ ಶುಶ್ರೂಷೆಗೆ ಇಳಿದರು. ಅಲೋಶಿಯಸ್ ಬೀದಿಗಳಲ್ಲಿ ಭಿಕ್ಷೆ ಎತ್ತಿದನು, ರೋಗಿಗಳನ್ನು ಹೊತ್ತು ತಂದನು, ತೊಳೆದನು, ಉಣಿಸಿದನು. ಆ ಕೆಲಸ ಅವನಿಗೆ ಆರಂಭದಲ್ಲಿ ಹೇಸಿಗೆ ಹುಟ್ಟಿಸುತ್ತಿತ್ತು ಎಂಬುದನ್ನು ಚರಿತ್ರೆ ಮುಚ್ಚಿಡುವುದಿಲ್ಲ. ರೋಗ ತಗಲಿ, ಕೆಲವು ತಿಂಗಳು ನರಳಿ, ಜೂನ್ 21ರಂದು 23ನೆಯ ವಯಸ್ಸಿನಲ್ಲಿ ತೀರಿಕೊಂಡನು. ರೋಗಿಗಳ ನಡುವಿನ ಅಲೋಶಿಯಸ್‌ನ ಚಿತ್ರದ ಮುಂದೆ ಬಹಳ ಹೊತ್ತು ಕುಳಿತಿರಲು ನಾನು ಶಿಫಾರಸು ಮಾಡುತ್ತೇನೆ, ಆದರೆ ಆ ಹೇಸಿಗೆಯನ್ನು ನೋಡುವವರೇ ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಕು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಪೌಲನು ಕ್ರಿಸ್ತನ ಬಗ್ಗೆ ಹೇಳುವುದು ಇಂಥ ಇಳಿತವನ್ನೇ: ತನ್ನನ್ನು ಬರಿದು ಮಾಡಿಕೊಂಡು, ದಾಸನ ರೂಪವನ್ನು ಧರಿಸಿ, ಮರಣದವರೆಗೂ ವಿಧೇಯನಾದದ್ದು. ದಾಸನ ರೂಪಕ್ಕೆ ದುರ್ವಾಸನೆಯೂ ಇರುತ್ತದೆ. ಬಣ್ಣಕ್ಕೆ ಅದನ್ನು ತೋರಿಸುವ ಶಕ್ತಿ ಇಲ್ಲ.

ಇಷ್ಟಾದರೂ ಚಾಪೆಲಿನಲ್ಲಿ ದೀನತೆಯ ಪಾಠ ಇದೆ, ಅದು ಚಿತ್ರದೊಳಗಿರುವ ಸಂತನಿಗಿಂತ ಚಿತ್ರ ಬರೆದವರಲ್ಲಿ ಹೆಚ್ಚು ಸ್ಪಷ್ಟವಾಗಿದೆ. 1854ರಲ್ಲಿ ಬೆರ್ಗಾಮೊ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದ ಮೊಸ್ಕೇನಿಯವರು ಬೆರ್ಗಾಮೊದ ಹೆಸರಾಂತ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತವರು. ತಮ್ಮದೇ ಹೆಸರಿನಲ್ಲಿ ಸಂಪಾದಿಸಿ ಬದುಕಬಹುದಾಗಿದ್ದ ಅವರು 1889ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ಜೆಸ್ವಿಟ್ ಸಂಘವನ್ನು ಸೇರಿದರು. ಸೇರಿದ್ದು ಧರ್ಮಗುರುವಾಗಿ ಅಲ್ಲ, ಬ್ರದರ್ ಆಗಿ. ಕಥೋಲಿಕ ಮಠಗಳ ಒಳಗಿನ ಶ್ರೇಣಿಯನ್ನು ಅರಿಯದ ನನ್ನಂಥ ಪ್ರೊಟೆಸ್ಟೆಂಟ್ ಓದುಗರಿಗೆ ಇದರ ತೂಕ ಸುಲಭವಾಗಿ ತಿಳಿಯುವುದಿಲ್ಲ. ಬ್ರದರ್ ಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ಅಡುಗೆ, ಬಡಗಿ ಕೆಲಸ, ತೋಟ, ಕಟ್ಟಡದ ಕೆಲಸ ಇವು ಸಾಮಾನ್ಯವಾಗಿ ಅವರ ಪಾಲಿಗೆ ಬರುತ್ತಿದ್ದವು. ಮೊಸ್ಕೇನಿಯವರ ಪಾಲಿಗೆ ಬಂದದ್ದು ಕುಂಚ. ತಾವು ಬಿಟ್ಟುಬಂದ ಕಲೆಯನ್ನೇ ಮೇಲಿನವರು ಮತ್ತೆ ಕೈಗೆ ಕೊಟ್ಟು, ಎಲ್ಲಿ ಬರೆಯಬೇಕು, ಏನನ್ನು ಬರೆಯಬೇಕು ಎಂಬುದನ್ನೂ ಹೇಳಿ, 1898ರಲ್ಲಿ ಸಮುದ್ರ ದಾಟಿಸಿ ಕಳುಹಿಸಿದರು.

ಹಸಿ ಗಾರೆಯ ಕೆಲಸದ ಸ್ವಭಾವವೂ ಗರ್ವಕ್ಕೆ ಒಗ್ಗುವಂಥದ್ದಲ್ಲ. ಆ ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯಬೇಕು, ಅದು ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ತಪ್ಪಿದರೆ ಆ ತುಂಡನ್ನು ಕಿತ್ತು ಮತ್ತೆ ಮೊದಲಿನಿಂದ ಆರಂಭಿಸಬೇಕು. ಅಟ್ಟಣಿಗೆಯ ಮೇಲೆ ಗೋಡೆಗೆ ಮುಖ ಕೊಟ್ಟು ಬರೆಯುವವನಿಗೆ ಇಡೀ ಚಿತ್ರ ಹೇಗೆ ಬಂದಿದೆ ಎಂಬುದು ಕಾಣುವುದೂ ಇಲ್ಲ. ಅದು ಕಾಣುವುದು ಕೆಳಗೆ ಬೆಂಚಿನ ಮೇಲೆ ಕುಳಿತ ನಮಗೆ. ಇತ್ತೀಚಿನ ಬರಹಗಳಲ್ಲಿ ಕೆಲವರು ಅವರನ್ನು ಫಾದರ್ ಮೊಸ್ಕೇನಿ ಎಂದು ಬರೆಯುತ್ತಾರೆ. ಗೌರವದಿಂದಲೇ ಹಾಗೆ ಬರೆಯುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಆ ಮನುಷ್ಯ ತಾವಾಗಿಯೇ ಆರಿಸಿಕೊಂಡ ಕೆಳಗಿನ ಸ್ಥಾನದಿಂದ ಅವರನ್ನು ಎಬ್ಬಿಸಿ ಮೇಲೆ ಕೂರಿಸುವ ಅಧಿಕಾರ ನಮಗೆ ಯಾರು ಕೊಟ್ಟರೋ ತಿಳಿಯದು.

ಇನ್ನು ಆರಂಭದ ಪ್ರಶ್ನೆ, ಬಣ್ಣದ ಗೋಡೆ ಮತ್ತು ಬಿಳಿಯ ಗೋಡೆಯ ಪ್ರಶ್ನೆ. ನಮ್ಮ ಪರಂಪರೆಯದೇ ಆದ ಬಲ್ಮಠದ ಶಾಂತಿ ದೇವಾಲಯ ಇಲ್ಲಿಂದ ಹೆಚ್ಚು ದೂರವಿಲ್ಲ. ಒಂದೇ ದಿನ ಎರಡನ್ನೂ ನೋಡಿದರೆ ಹೋಲಿಕೆ ಕಣ್ಣೆದುರೇ ಇರುತ್ತದೆ. ನಮ್ಮ ಸರಳತೆಯನ್ನು ನಾವು ಎಷ್ಟು ಸಲ ಪ್ರಸಂಗಪೀಠದಿಂದ ಸಾರಿದ್ದೇವೆ, ಎಷ್ಟು ಸಲ ನೆರೆಯ ಸಭೆಯ ಮೇಣದ ಬತ್ತಿಗಳನ್ನೂ ಮೆರವಣಿಗೆಗಳನ್ನೂ ಎತ್ತಿ ಆಡಿದ್ದೇವೆ ಎಂದು ಲೆಕ್ಕ ಹಾಕಿದರೆ ಬಿಳಿಯ ಸುಣ್ಣವೂ ಸಾಕಷ್ಟು ಗಾಢವಾದ ಬಣ್ಣವೇ ಎಂದು ಒಪ್ಪಬೇಕಾಗುತ್ತದೆ. ಅಲಂಕಾರ ಇಲ್ಲದಿರುವುದನ್ನೇ ತೋರಿಸಿಕೊಳ್ಳುವವನು ಅಲಂಕರಿಸಿಕೊಂಡವನಿಗಿಂತ ಎಷ್ಟರ ಮಟ್ಟಿಗೆ ದೀನನೆಂದು ನಾನು ಖಚಿತವಾಗಿ ಹೇಳಲಾರೆ. ಹಾಗೆಂದು ಚಾಪೆಲಿನ ವೈಭವವೆಲ್ಲ ನಿರ್ದೋಷವೆಂದೂ ಹೇಳುವುದಿಲ್ಲ. ಕೆಳಗಿಳಿದು ಬಂದವನನ್ನು ಮೋಡಗಳ ಮೇಲೆ, ಹೂಮಾಲೆಗಳ ನಡುವೆ ಏರಿಸಿ ತೋರಿಸುವಾಗ ಅವನ ಇಳಿತವು ಏರುವುದಕ್ಕೆ ಹೂಡಿದ ಉಪಾಯವೇನೋ ಎಂಬಂತೆ ಕಾಣುವ ಅಪಾಯ ಇದ್ದೇ ಇದೆ.

ಸೌಕರ್ಯಗಳ ಬಗ್ಗೆ ಕೆಲವು ಮಾತು. ಒಳಗೆ ಫೋಟೊ ತೆಗೆಯುವಂತಿಲ್ಲ. ಇದನ್ನು ಹಲವರು ಕೊರತೆಯೆಂದು ಗೊಣಗುತ್ತಾರೆ. ನನಗೆ ಇದು ಈ ಸ್ಥಳದ ಅತ್ಯುತ್ತಮ ನಿಯಮ. ತನ್ನ ಹಕ್ಕನ್ನೇ ಬಿಟ್ಟುಕೊಟ್ಟವನ ಚಿತ್ರದ ಮುಂದೆ ನಮ್ಮ ಮುಖವನ್ನು ಚಾಚಿ ಸೆಲ್ಫಿ ತೆಗೆದುಕೊಳ್ಳುವ ಮುಜುಗರದಿಂದ ಅದು ನಮ್ಮನ್ನು ಕಾಪಾಡುತ್ತದೆ, ಮತ್ತು ಫೋನು ಜೇಬಿಗೆ ಹೋದ ಮೇಲೆ ಕಣ್ಣು ಕೆಲಸ ಮಾಡತೊಡಗುತ್ತದೆ. ಒಂದು ಸಣ್ಣ ದುರ್ಬೀನು ಇದ್ದರೆ ಜೊತೆಗೆ ಒಯ್ಯಿರಿ, ಚಾವಣಿಯ ಮುಖಭಾವಗಳು ಬರಿಗಣ್ಣಿಗೆ ಪೂರ್ತಿ ದಕ್ಕುವುದಿಲ್ಲ. ಹಲವು ದೇವಸ್ಥಾನ, ಕಡಲತೀರಗಳ ನಡುವೆ ಇದಕ್ಕೆ ಕಾಲು ಗಂಟೆ ಮೀಸಲಿಡುವ ಟ್ಯಾಕ್ಸಿಯ ಪ್ಯಾಕೇಜಿನಲ್ಲಿ ಬರುವುದಾದರೆ ಬರದೇ ಇರುವುದು ಮೇಲು; ಕನಿಷ್ಠ ಒಂದು ಗಂಟೆ ಬೇಕು. ಇದು ಶಿಕ್ಷಣ ಸಂಸ್ಥೆಯ ಆವರಣ ಮತ್ತು ಇಂದಿಗೂ ಪ್ರಾರ್ಥನೆ ನಡೆಯುವ ಸ್ಥಳ, ಆದ್ದರಿಂದ ಮಾತು ಮೆಲ್ಲಗಿರಲಿ. ಅದೇ ಆವರಣದ ಅಲೋಶಿಯಮ್ ವಸ್ತುಸಂಗ್ರಹಾಲಯದಲ್ಲಿ ಮಂಗಳೂರಿನ ಮೊದಲ ಕಾರು ಎಂದು ಹೇಳಲಾಗುವ, ಇಪ್ಪತ್ತನೆಯ ಶತಮಾನದ ಆರಂಭದ ಫ್ರೆಂಚ್ ವಾಹನವೊಂದಿದೆ. ಮಕ್ಕಳು ಜೊತೆಗಿದ್ದರೆ ಚಾಪೆಲಿಗಿಂತ ಅವರಿಗೆ ಅದೇ ಹೆಚ್ಚು ಹಿಡಿಸುತ್ತದೆ, ಹಿಡಿಸಲಿ.

ದೇವರ ಮನೆಗೆ ನಕ್ಷತ್ರ ಕೊಡುವುದು ಸ್ವಲ್ಪ ಅಧಿಕಪ್ರಸಂಗವೇ. ಆದರೂ ಕಲೆಗೆ ಐದಕ್ಕೆ ಐದು, ಕಥೆ ಹೇಳಿದ ರೀತಿಗೆ ಮೂರೂವರೆ ಎಂದು ಬರೆದಿಡುತ್ತೇನೆ. ಮೊಸ್ಕೇನಿಯವರನ್ನು ಇನ್ನಷ್ಟು ಅರಿಯಬೇಕೆನ್ನುವವರು ಮಂಗಳೂರಿನಿಂದ ರೈಲು ಹಿಡಿದು ಕೊಚ್ಚಿಗೆ ಹೋಗಬಹುದು. ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬೆಸಿಲಿಕಾದಲ್ಲಿ ಅವರ ಮತ್ತು ಅವರ ಮಂಗಳೂರಿನ ಶಿಷ್ಯ ಡ ಗಾಮಾ ಅವರ ಚಿತ್ರಗಳಿವೆ. ಆ ದೇವಾಲಯದ ಪ್ರತಿಷ್ಠಾಪನೆ 1905ರ ನವೆಂಬರಿನಲ್ಲಿ ನಡೆಯಿತು. ಮೊಸ್ಕೇನಿಯವರು ಅದಕ್ಕೆ ಕೆಲವೇ ದಿನ ಮೊದಲು ಕೊಚ್ಚಿಯಲ್ಲಿಯೇ ತೀರಿಕೊಂಡಿದ್ದರು.